ಜ್ವರ ಬಂದದ್ದು ಅಕ್ಕನಿಗೆ

ಆ ಬೆಳಿಗ್ಗೆ ಅಮ್ಮ ನನ್ನ ತಲೆಗೆ ಬೈರಾಸು ಬಿಗಿದು, "ಯಾರ್ ಕೇಂಡ್ರೂ ನಿಂಗೇ ಜ್ವರ, ಗೊತ್ತಾಯ್ತಾ?" ಎಂದು ಕಣ್ಣು ಬಿಟ್ಟಳು. ನನಗೆ ಜ್ವರವೂ ಇಲ್ಲ, ಮಣ್ಣೂ ಇಲ್ಲ. ಜ್ವರ ಇದ್ದದ್ದು ಹದಿನಾರರ ಅಕ್ಕನಿಗೆ. ಮುಟ್ಟಿನ ಸ್ನಾನ ಮುಗಿದ ಮೇಲೆ ಕಿಬ್ಬೊಟ್ಟೆ ನೋವು ಶುರುವಾಗಿ, ಆಮೇಲೆ ನಡುಕ, ಮೈಯೆಲ್ಲ ಕೆಂಡ. ಕಷಾಯವೂ ಆಯಿತು, ಹರಕೆಯೂ ಆಯಿತು. ಅವಳು ಕಣ್ಣು ಮೇಲೆ ಮಾಡಿದ ದಿನ ಅಮ್ಮನಿಗೆ ಹೆದರಿಕೆ ಹುಟ್ಟಿತು.

ಅರವತ್ತನೇ ಇಸವಿಯ ಆಸುಪಾಸಿನ ಮಾತಿದು. ಮದುವೆಗೆ ಬಂದ ಹುಡುಗಿ ಹೊಟ್ಟೆನೋವೆಂದು ಕುಂದಾಪುರದ ಆಸ್ಪತ್ರೆಗೆ ಹೋದಳೆಂದರೆ ನಮ್ಮ ಗುಲ್ವಾಡಿಯಲ್ಲಿ ಅದಕ್ಕೆ ಒಂದೇ ಅರ್ಥ: ಬಸಿರು. ಬೊಂಬಾಯಿ ಹೋಟೆಲಿನ ಹುಡುಗನ ಜೊತೆ ಅಕ್ಕನ ಸಂಬಂಧದ ಮಾತು ಬೇರೆ ನಡೆದಿತ್ತು. ಹಾಗಾಗಿ ಕಾಯಿಲೆ ನನ್ನ ತಲೆಗೆ ಬಂತು. ಸಾಯುವಂತಿದ್ದ ಅಕ್ಕ ಹೂ ಮುಡಿದು, ಚೀಲ ಹಿಡಿದು, ನನ್ನನ್ನು ನಡೆಸಿಕೊಂಡು ಹೋಗಬೇಕು! ಈಗ ನೆನೆದರೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ದೋಣಿ ಹತ್ತಿದರೆ ಎದುರಿಗೆ ಕೂತವರು ಅದೇ ಹುಡುಗನ ತಾಯಿ. ಅಮ್ಮನ ಮುಖ ಬಿಳುಚಿತು.

"ಹ್ವಾಯ್, ಎಲ್ಲಿಗ್ ಹೊರಟದ್ದ್?"

"ಸಣ್ಣವ್ಳಿಗೆ ಜ್ವರ ಕಾಣಿ. ಆಸ್ಪತ್ರಿಗೆ."

ನಾನು ನರಳಿದೆ. ಅಕ್ಕ ನಕ್ಕಳು. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆಕೆ ಅಕ್ಕನನ್ನೇ ನೋಡುತ್ತಿದ್ದರು. ಅಮ್ಮ ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದಳು, ಮಳೆ, ನಾಟಿ, ಹಾಲು ಬತ್ತಿದ ಎಮ್ಮೆ. ಹೊಳೆ ದಾಟುವುದು ಮುಗಿಯುವುದೇ ಇಲ್ಲ ಅನಿಸಿತು.

ದಡಕ್ಕೆ ಬಂದಾಗ ಕೆಸರು. "ತಂಗೀನ್ ಎತ್ಕಣೆ ಹೆಣ್ಣೆ, ಜ್ವರದವ್ಳ್ ನೀರಿಗ್ ಇಳೂದ್ ಬ್ಯಾಡ," ಎಂದರು ಆಕೆ. ಅಮ್ಮ ಅಕ್ಕನ ಕೈಯ ಚೀಲ ತೆಗೆದುಕೊಂಡಳು. ಅಕ್ಕ ಬಗ್ಗಿ ನನ್ನ ಕಂಕುಳಿಗೆ ಕೈ ಹಾಕಿದಳು. ಆ ಕೈಯ ಕಾವು ತಾಗಿದ್ದೇ ತಡ ನಾನು ಕಿರುಚಿದೆ: "ಜ್ವರ ನಂಗಲ್ಲ, ಅಕ್ಕಂಗ್! ಅಕ್ಕ ಸಾಯ್ತ್ಳ್!"

ಅಕ್ಕ ಅಲ್ಲೇ ಕುಸಿದಳು. ಆಕೆ ಅವಳ ಹಣೆ ಮುಟ್ಟಿ ನೋಡಿ ಅಮ್ಮನ ಮೇಲೆ ಹರಿಹಾಯ್ದರು. "ನಿನ್ ಮರ್ಯಾದಿಗ್ ಬೆಂಕಿ ಬೀಳ್ಲಿ! ಹಿಡಿ ಆ ಬದಿ!" ಇಬ್ಬರೂ ಸೇರಿ ಅಕ್ಕನನ್ನು ಹೊತ್ತು ಎತ್ತಿನ ಗಾಡಿಗೆ ಹಾಕಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ ಸೂಜಿ ಚುಚ್ಚಿದರು. ಒಳಗೆ ನಂಜಾಗಿದೆ, ಇವತ್ತು ತಂದದ್ದಕ್ಕೆ ಹುಡುಗಿ ಉಳಿಯುತ್ತಾಳೆ ಎಂದರು. ಆಮೇಲೆ ಕೇಳಿದರು, "ಮುಟ್ಟಿನ ಬಟ್ಟೆ ಎಲ್ಲಿ ಒಣಗಿಸ್ತೀರಿ?"

ನಮ್ಮಲ್ಲಿ ಆ ಬಟ್ಟೆ ಗಂಡಸರ ಕಣ್ಣಿಗೂ ಬೀಳಬಾರದು, ಮನೆ ಹಿಂದಿನ ಬನದ ನಾಗನ ಕಣ್ಣಿಗೂ ಬೀಳಬಾರದು. ಸೌದೆ ರಾಶಿಯ ಸಂದಿಯಲ್ಲಿ ತುರುಕಿಟ್ಟದ್ದು ಆಷಾಢದಲ್ಲಿ ಒಣಗುವುದುಂಟೇ? ಹಸಿಯದನ್ನೇ, ವಾಸನೆ ಹಿಡಿದದ್ದನ್ನೇ ಅಕ್ಕ ಮತ್ತೆ ಉಡುತ್ತಿದ್ದಳು. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

"ಹೇಳದಿದ್ದರೂ ಗೊತ್ತು, ಮಳೆಗಾಲದಲ್ಲಿ ಎಲ್ಲಾ ಮನೆಯಲ್ಲೂ ಇದೇ ಕಥೆ. ಇದೇ ಕಾರಣ ಅಂತ ಖಂಡಿತ ಹೇಳಲಾರೆ. ಆದರೆ ಹಸಿ ಬಟ್ಟೆ ಒಳ್ಳೆಯದಲ್ಲ. ಸೋಪು ಹಾಕಿ ಒಗೆದು ಒಳ್ಳೆ ಬಿಸಿಲಿಗೆ ಹಾಕಿ. ನೋವು ಬಂದ ದಿನವೇ ಕರಕೊಂಡು ಬನ್ನಿ," ಎಂದರು ಡಾಕ್ಟರಮ್ಮ.

ಹುಡುಗನ ತಾಯಿ ಬಾಗಿಲ ಬಳಿ ನಿಂತೇ ಇದ್ದರು. ಸಂಬಂಧ ಮುರಿಯಿತೆಂದೇ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಕೆ ಅಮ್ಮನ ಕಡೆ ನೋಡಲೇ ಇಲ್ಲ.

"ನನ್ ದೊಡ್ಡ್ ಮಗ್ಳಿಗೂ ಹೀಂಗೇ ಆದ್ದ್," ಎಂದರು. "ಕಾಮಾಲಿ ಅಂದೇಳಿ ಊರಿಗೆಲ್ಲ ಹೇಳದ್ದ್ ನಾನೇ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಕೇಳಿದರು, "ಅವ್ಳನ್ನೂ ಕರ್ಕಂಡ್ ಬಂದಿರೆ ಬದ್ಕ್ತಿದ್ಲಾ, ಡಾಕ್ಟ್ರಮ್ಮ?"