ಬಿಚ್ಚಿ ನೋಡದೆ ಹೊಸ ಡೈನಮೊ ಯಾಕೆ?

ನಾನು ಮತ್ತು ನನ್ನ ಸೊಸೆ ಬಬಲೇಶ್ವರದ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ತಿಕೋಟಾದ, ವಿಜಯಪುರದ ಖಾನಾವಳಿಗಳಿಗೆ ಕೊಡುತ್ತೇವೆ. ರೊಟ್ಟಿ ಒಯ್ಯಲು ಒಂದು ಹಳೆಯ ಕಾರಿದೆ. ಓಡಿಸುವವಳು ಸೊಸೆ. ಅದು ನನ್ನ ಮಗನಿಗೆ ಸರಿಬರುವುದಿಲ್ಲ. ಒಂದು ನಟ್ಟು ಸಡಿಲಾದರೂ ಮಾರಿಬಿಡೋಣ ಅನ್ನುತ್ತಾನೆ. ಕಾಖಂಡಕಿಯಲ್ಲಿ ಒಬ್ಬ ಗಿರಾಕಿಯನ್ನೂ ನೋಡಿಟ್ಟಿದ್ದ. ಕಾರು ಹೋದರೆ ಸೊಸೆ ಮತ್ತೆ ಬುಟ್ಟಿ ಹೊತ್ತು ಬಸ್ಸಿಗೆ ನಿಲ್ಲಬೇಕು.

ಹೋದ ಬೇಸಿಗೆಯಲ್ಲಿ ತಿಕೋಟಾದಲ್ಲಿ ರೊಟ್ಟಿ ಇಳಿಸಿ ಹೊರಟರೆ ಕಾರು ಚಾಲೂ ಆಗಲಿಲ್ಲ. ಮುಂಜಾನೆಯಿಂದ ಬ್ಯಾಟರಿಯ ಕೆಂಪು ದೀಪ ಉರಿಯುತ್ತಿತ್ತು. ಉರಿದರೆ ಉರಿಯಲಿ ಎಂದು ಬಿಟ್ಟಿದ್ದೆವು. ಪಕ್ಕದ ಗ್ಯಾರೇಜಿನವನು ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಎಂಜಿನ್ ಎಬ್ಬಿಸಿದ, ಮೀಟರ್ ಹಚ್ಚಿದ.

"ಬ್ಯಾಟರಿ ಚಲೋ ಐತ್ರಿ. ಡೈನಮೊ ಕರೆಂಟ್ ಹುಟ್ಟಿಸವಲ್ದು. ಹೊಸಾದ ಹಾಕ್ಸ್ರಿ."

ಅವನು ಹೇಳಿದ ರೇಟಿಗೆ ಅರ್ಧ ಕಾರು ಬರುತ್ತಿತ್ತು. ಸೊಸೆ ಮುಖ ಸಣ್ಣದು ಮಾಡಿಕೊಂಡು ಗಂಡನಿಗೆ ಫೋನ್ ಮಾಡಿದಳು.

"ನಾ ಹೇಳಿದ್ನಿಲ್ಲ? ಅಲ್ಲೇ ಬಿಡ್ರಿ. ಗಿರಾಕೀನ ಕರ್ಕೊಂಡ ಬರ್ತೇನಿ," ಎಂದ ಅವನು. ದನಿಯಲ್ಲಿ ಹಬ್ಬವಿತ್ತು.

ನಾನು ಫೋನ್ ಕಸಿದುಕೊಂಡೆ. "ಬೋರಿನ ಮೋಟರ್ ಸುಟ್ಟಾಗ ಹೊಲಾ ಮಾರಿದ್ದೇನ್ಲೇ? ಬಿಚ್ಚಿಸಿ ವೈಂಡಿಂಗ್ ಮಾಡಿಸಿದಿ ಇಲ್ಲ? ಇದನ್ನೂ ಬಿಚ್ಚಿಸಿ ನೋಡ್ತೇವಿ. ವಿಜಯಪುರಕ್ಕ ಬಾ."

"ನಾ ಬಿಚ್ಚಾಂವ ಅಲ್ಲಬೇ ಅವ್ವಾ, ಬರೇ ಹಾಕಾಂವ," ಎಂದ ಗ್ಯಾರೇಜಿನವನು. ಆದರೂ ಒಳ್ಳೆಯವನು. ವಿಜಯಪುರದ ಅಥಣಿ ರಸ್ತೆಯಲ್ಲಿ ಡೈನಮೊ ಬಿಚ್ಚುವವನ ಅಂಗಡಿ ಹೇಳಿದ. ನಾವು ಉಂಡು ಕೂರುವಷ್ಟರಲ್ಲಿ ಬ್ಯಾಟರಿ ಚಾರ್ಜ್ ಮಾಡಿಕೊಟ್ಟ. ಬ್ಯಾಟರಿಯ ಮೇಲೇ ಹೋಗಬೇಕು, ಫ್ಯಾನು, ಹಾಡು ಎಲ್ಲ ಬಂದ್, ನಡುವೆ ಎಂಜಿನ್ ನಿಲ್ಲಿಸಬಾರದು ಎಂದ.

ಸೊಸೆ ಹಾರ್ನನ್ನೂ ಬಂದ್ ಮಾಡಿದಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀ ಲೇ!" ಎಂದು ಕೂಗುತ್ತ ಹೋದೆ. ಎಮ್ಮೆ ಹೊಡೆಯುವವನೊಬ್ಬ "ಯಾಕಬೇ, ಹಾರ್ನ್ ಇಲ್ಲೇನ?" ಎಂದ.

"ಹಾರ್ನ್ ನಾನ ಅದೀನಿ, ಸರಿ!"

ಎಮ್ಮೆಗಳು ಅವನಿಗಿಂತ ಮೊದಲು ಸರಿದವು.

ಅಂಗಡಿಯವನು ಹೊಟ್ಟೆ ಬಂದ ಗಂಡಸು, ಬಾಯಿ ತುಂಬ ಎಲೆ. ಡೈನಮೊ ಇಳಿಸಿ ಎರಡು ಹೋಳು ಮಾಡಿದ. ಎಲೆ ಉಗುಳಿ ಬಂದು ಹೇಳಿದ:

"ಯವ್ವಾ, ನಾ ಡೈನಮೊ ಬಿಚ್ಚಿದ್ನೋ, ಗುಡಿ ಬಾಗಲಾ ತಗದ್ನೋ?"

ಒಳಗೆ ಹಳದಿ, ಕೆಂಪು ಮೆತ್ತಿಕೊಂಡು ಗಾರೆಯಂತೆ ಗಟ್ಟಿಯಾಗಿತ್ತು. ಅರಿಶಿನದ ಭಂಡಾರ, ಕುಂಕುಮ, ತೆಂಗಿನಕಾಯಿ ನೀರು. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವವನು ನನ್ನ ಮಗ. ಊರವರೆಲ್ಲ ಗಾಲಿಗೆ ಭಂಡಾರ ಹಾಕಿ ಮುಗಿಸಿದರೆ ಇವನು ಬಾನೆಟ್ ಎತ್ತಿ ಎಂಜಿನ್ನಿಗೂ ಕೈ ತುಂಬ ತೂರಿ, ಅಲ್ಲೇ ಕಾಯಿ ಒಡೆಯುತ್ತಿದ್ದ.

ಡೈನಮೊದಲ್ಲಿ ಬ್ರಶ್ ಅಂತ ಎರಡು ಇದ್ದಲಿಯ ತುಂಡುಗಳಿರುತ್ತವೆ. ತಿರುಗುವ ಬಳೆಗೆ ಅವು ಒತ್ತಿಕೊಂಡೇ ಇರಬೇಕಂತೆ. ನಮ್ಮವು ಸವೆದು, ಭಂಡಾರದಲ್ಲಿ ಸಿಕ್ಕಿ ಕೂತಿದ್ದವು. ಅವನು ಒಳಗೆಲ್ಲ ತೊಳೆದು ಒಣಗಿಸಿ, ಬಳೆ ತಿಕ್ಕಿ, ಹೊಸ ಬ್ರಶ್ ಕೂಡಿಸಿದ. ವೈಂಡಿಂಗ್ ಗಟ್ಟಿಯಾಗಿತ್ತು. ಹೊಸದರ ರೇಟಿನ ಮುಂದೆ ಅವನು ತೆಗೆದುಕೊಂಡದ್ದು ಚಿಲ್ಲರೆ.

ಅಷ್ಟರಲ್ಲಿ ಮಗ ಮೋಟರ್ ಸೈಕಲ್ ಮೇಲೆ ಬಂದ, ಹಿಂದೆ ಗಿರಾಕಿ. ನನ್ನಿಂದ ಪೂಜೆಯ ಕತೆ ಕೇಳಿದ್ದ ಅಂಗಡಿಯವನು ಕೆರೆದು ತೆಗೆದ ಹಳದಿ ಹೆಂಟೆಯನ್ನು ಅಂಗೈಯಲ್ಲಿ ಹಿಡಿದು, "ಪೂಜಾರಿ ನೀವ ಏನ್ರಿ? ಪ್ರಸಾದ ತಗೋರಿ," ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಗಿರಾಕಿ.

ಸೊಸೆ ಎಂಜಿನ್ ಎಬ್ಬಿಸಿದಳು. ಕೆಂಪು ದೀಪ ಆರಿತು. ಮೀಟರಿನ ಅಂಕಿ ಮೇಲೇರಿತು.

"ಈಗ ರಿಪೇರಿ ಆಗೇತಿ. ಮೊದಲ ಹೇಳಿದ್ದಕ್ಕಿಂತ ಮ್ಯಾಲ ಕೊಡ್ತೇನಿ," ಎಂದ ಗಿರಾಕಿ ನನ್ನ ಮಗನಿಗೆ.

ಮಗ ಹೆಂಡತಿಯ ಮುಖ ನೋಡಿದ. ಮದುವೆಯಾದ ಮೇಲೆ ಅವನು ಹಾಗೆ ಅವಳ ಮಾತಿಗೆ ಕಾದದ್ದನ್ನು ನಾನು ನೋಡಿರಲಿಲ್ಲ.

"ಮಾರೂದಿಲ್ರಿ," ಎಂದಳು ಸೊಸೆ. ಗಂಡನ ಕಡೆ ತಿರುಗಿ, "ಇನ್ನ ಮ್ಯಾಲ ಕಾರಿನ ಪೂಜಾ ನಾ ಮಾಡ್ತೇನಿ. ನಿಮ್ಮ ಭಕ್ತಿ ಮೋಟರ್ ಸೈಕಲ್ಲಿಗೆ ತೋರಸ್ರಿ."

ನಾನು ಗಿರಾಕಿಗೆ ಹೇಳಿದೆ: "ರೊಟ್ಟಿ ಬೇಕಾದ್ರ ಹೇಳಪಾ. ಸೊಸಿ ಮನಿಗೇ ತಂದ ಕೊಡ್ತಾಳ."