ಬಂದ ಜಡೆ

ಲಿಫ್ಟಿನ ಬಾಗಿಲು ಮುಚ್ಚಿದೊಡನೆ ಆ ವಾಸನೆ ಬಂತು. ಒಣಗದ ಕೂದಲಿನದು, ಮಳೆಯಲ್ಲಿ ನೆನೆದ ಗೋಣಿಚೀಲದಂಥದ್ದು. ಪಕ್ಕದಲ್ಲಿದ್ದವಳು ಮೇಲಿನ ಮಹಡಿಗೆ ಹೊಸದಾಗಿ ಬಂದ ಹುಡುಗಿ. ತಲೆ ತುಂಬ ಹಗ್ಗದಂಥ ಜಡೆಗಳು. ನನಗೆ ಗೊತ್ತಿಲ್ಲದೆಯೇ ಕೈಮುಗಿದುಬಿಟ್ಟಿದ್ದೆ. "ಅಯ್ಯೋ ಆಂಟಿ, ಇದು ಮಾರತ್ತಹಳ್ಳಿ ಪಾರ್ಲರ್‌ನಲ್ಲಿ ಹಾಕ್ಸಿದ್ದು! ಜಮೈಕಾ ಕಡೆ ದೇವರಿಗೆ ಅಂತ ಬಿಡ್ತಾರಂತೆ, ನಂದು ಬರೀ ಸ್ಟೈಲು. ಬೇಜಾರಾದ್ರೆ ಬಿಚ್ಚಿಸ್ತೀನಿ" ಎಂದು ನಕ್ಕಳು. ಬಿಚ್ಚಿಸಬಹುದಲ್ಲ, ಅದೂ ಒಂದು ಪುಣ್ಯ ಎಂದುಕೊಂಡೆ. ನನ್ನ ಸೋದರತ್ತೆ ನೀಲವ್ವನದು ಹಾಕಿಸಿದ ಜಡೆಯಲ್ಲ, ಬಂದ ಜಡೆ.

ದೊಡ್ಡನೆಕ್ಕುಂದಿಯಲ್ಲಿ ಈಗ ಈ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮ ಶೀಟಿನ ಮನೆಯಿತ್ತು. ನಿಮ್ಮದೂ ಅಂಥದೊಂದು ಮನೆ ಎಲ್ಲೋ ಸಿಮೆಂಟಿನ ಕೆಳಗೆ ಇರಬಹುದು. ಫ್ಯಾಕ್ಟರಿ ಕೆಲಸಕ್ಕೆಂದು ಬೆಳಗಾವಿ ಕಡೆಯಿಂದ ಬಂದ ಅಪ್ಪನ ಜೊತೆ ಅವನ ಅಕ್ಕ ನೀಲವ್ವತ್ತೆಯೂ ಬಂದಿದ್ದಳು. ಹತ್ತು ವರ್ಷದವಳಿದ್ದಾಗ ಅವಳ ಕೂದಲು ತಾನಾಗಿ ಗಂಟುಕಟ್ಟಿತಂತೆ. ಎಲ್ಲಮ್ಮ ಕರೆದಳೆಂದು ಊರವರು ಹೇಳಿದರು. ಶಾಲೆ ಬಿಡಿಸಿ ದೇವಿಗೆ ಬಿಟ್ಟರು, ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಭಂಡಾರದ ಅರಿಶಿನ ಬಳಿದ ಆ ಜಡೆಗಳಿಗೆ ಅವಳು ದಿಂಬಿನ ಪಕ್ಕ ಬೇರೆಯೇ ಒಂದು ಬಟ್ಟೆ ಹಾಸಿ ಮಲಗಿಸುತ್ತಿದ್ದಳು. ನನಗೆ ಉಣಿಸಿದಳು, ಸ್ನಾನ ಮಾಡಿಸಿದಳು, ತಲೆ ಮಾತ್ರ ಮುಟ್ಟಲಿಲ್ಲ. ಜಡೆ ಹಾಕೆಂದು ಹಟ ಹಿಡಿದರೆ, "ನಿಮ್ಮವ್ವನ ಕಡೆ ಹೋಗ, ಕೂಸ. ನನ್ನ ಕೈ ನಿನ್ನ ತಲಿಗೆ ಹತ್ತಬಾರದು" ಎನ್ನುತ್ತಿದ್ದಳು.

ನನಗೂ ಹತ್ತು ತುಂಬಿತು. ಬಹಳ ದಿನ ಕಾಡಿದ ಜ್ವರ ಬಿಟ್ಟ ಬೆಳಗ್ಗೆ ಅವ್ವ ತಲೆ ಬಾಚಲು ಕೂತರೆ, ಕತ್ತಿನ ಹಿಂದೆ ಬಾಚಣಿಗೆ ನಿಂತುಬಿಟ್ಟಿತು. ಅಲ್ಲೊಂದು ಗಂಟು. ಜಡೆಗೆ ಕತ್ತರಿ ತಾಗಿಸಿದರೆ ರಕ್ತ ಬರುತ್ತದೆಂದು ನಂಬಿದ್ದ ಅವ್ವ ಅಳತೊಡಗಿದಳು. "ನನ್ನನ್ನೂ ಸಾಲಿ ಬಿಡಸ್ತೀರೇನ?" ಎಂದೆ. ಅತ್ತೆ ಎದ್ದು ಎಣ್ಣೆ ಬಿಸಿ ಮಾಡಿ, ದಬ್ಬಣ ತಂದು, ಮೊದಲ ಸಲ ನನ್ನ ತಲೆಯ ಮೇಲೆ ಕೈಯಿಟ್ಟಳು. ಒಂದೊಂದೇ ಎಳೆ ಬಿಡಿಸುತ್ತ ಮಾತಾಡತೊಡಗಿದಳು, ನನ್ನ ಜೊತೆಗಲ್ಲ. "ನನ್ನ ತಗೊಂಡಿ, ನಾ ಏನರ ಅಂದ್ನೇನಬೇ? ಇದನ್ನ ಬಿಡ. ಬೇಕಾದ್ರ ಇದೂ ನನಗ ಇರಲಿ." ಆಮೇಲೆ ಯಾರೋ ಹೇಳುತ್ತಿರುವುದನ್ನು ಕೇಳುವವಳಂತೆ ಕೈ ತಡೆದಳು. ನನ್ನ ಕತ್ತಿನ ಮೇಲೆ ತಣ್ಣನೆಯ ಉಸಿರು ಬಿತ್ತು. ಅತ್ತೆಯ ಉಸಿರು ಯಾವತ್ತೂ ಬೆಚ್ಚಗಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಗಂಟು ಬಿಚ್ಚಿತ್ತು. ಮರುದಿನ ಬೆಳಗ್ಗೆ ಅವಳ ದಪ್ಪ ಜಡೆಗಳ ನಡುವೆ ಹೊಸದೊಂದು ಇಳಿಬಿದ್ದಿತ್ತು. ಕಿರುಬೆರಳಿಗಿಂತ ಸಣ್ಣದು, ಎಳೆಮಗುವಿನ ಕೂದಲಿನಷ್ಟು ಮೆತ್ತಗೆ.

ನಾನು ಶಾಲೆಗೆ ಹೋದೆ. ಮದುವೆಯಾಯಿತು, ಎರಡು ಮಕ್ಕಳಾದವು, ತಾಯಿ ಎಲ್ಲಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅತ್ತೆ ತೀರಿಕೊಂಡಾಗ ಅವಳ ಜಡೆಗಳೆಲ್ಲ ಬೆಳ್ಳಗಾಗಿದ್ದವು. ಆ ಸಣ್ಣದು ಮಾತ್ರ ಹತ್ತು ವರ್ಷದ ಹುಡುಗಿಯದರಂತೆ ಕಪ್ಪಗೆ ಹೊಳೆಯುತ್ತಿತ್ತು. ಅವ್ವ ನೋಡಿದಳು, ಅದರ ಮೇಲೆ ಸೆರಗು ಎಳೆದಳು. ನಮ್ಮ ಪದ್ಧತಿಯಂತೆ ಕೂರಿಸಿ, ಜಡೆಗಳ ಸಮೇತ ಮಣ್ಣು ಮಾಡಿದರು.

ಈಗ ನನ್ನ ತಲೆಯೂ ನೆರೆತಿದೆ. ಬೆಳಗ್ಗೆ ಬಾಚಣಿಗೆ ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿದಾಗ ದೇವಿಗೆ ಕೈಮುಗಿಯುತ್ತೇನೆ, ಅತ್ತೆಗೂ. ಮಣ್ಣಿನೊಳಗೆ ಆ ಸಣ್ಣ ಜಡೆ ಈಗಲಾದರೂ ನೆರೆತಿದೆಯೋ, ಇಲ್ಲವೋ.