ಐಗಿಲನ ಏಳು ಬೈಗುಳ

ಡ್ಯಾನಿಷ್ ದ್ವೀಪವೊಂದರಲ್ಲಿರುವ ನಮ್ಮ ಮಾರ್ಸ್ಟಾಲ್ ಊರಿನ ಹೆಂಗಸರಿಗೆ ಗಂಡನನ್ನು ಬೀಳ್ಕೊಡುವುದು ಚೆನ್ನಾಗಿ ಗೊತ್ತು, ಗಂಡನ ಜೊತೆ ಬಾಳುವ ಅಭ್ಯಾಸ ಕಡಿಮೆ. ಊರಿನ ಗಂಡಸರಲ್ಲಿ ಅರ್ಧ ಜನ ಯಾವಾಗ ನೋಡಿದರೂ ಹಡಗಿನ ಮೇಲೆ. ಬ್ರೆಡ್ ಅಂಗಡಿಯ ವಿಬೆಕೆಗೆ ಮದುವೆಯಾಗಿ ಮೂವತ್ತಮೂರು ವರ್ಷವಾಗಿತ್ತು. ಅದರಲ್ಲಿ ಗಂಡ ಐಗಿಲ್ ಮನೆಯಲ್ಲಿದ್ದದ್ದು ಎಲ್ಲ ಸೇರಿಸಿದರೂ ಎಂಟು ವರ್ಷ ದಾಟುವುದಿಲ್ಲ. ಅವನು ಇಂಗ್ಲಿಷರ ಸರಕು ಹಡಗುಗಳಲ್ಲಿ ಮೇಸ್ತ್ರಿ. ಒಂಬತ್ತು ತಿಂಗಳು ಸಮುದ್ರ, ಮೂರು ತಿಂಗಳು ಮನೆ. ಮಕ್ಕಳಾಗಲಿಲ್ಲ. ಆಗುವುದಕ್ಕೆ ಅವನು ಊರಲ್ಲಿರಬೇಕಲ್ಲ ಎಂದು ವಿಬೆಕೆ ತಾನೇ ತಮಾಷೆ ಮಾಡುತ್ತಿದ್ದಳು. ಆ ತಮಾಷೆಗೆ ಅಂಗಡಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಮನೆಯಲ್ಲಿದ್ದಾಗ ಐಗಿಲ್ ಬಾಯಿಗೆ ಬೆರಳಿಟ್ಟರೂ ಕಚ್ಚದವನು. ಚಪ್ಪಲಿ ಎಲ್ಲಿಡಲಿ ಎಂದು ಕೇಳಿ ಇಡುತ್ತಿದ್ದ. ವಿಬೆಕೆ ಪ್ರಾರ್ಥನಾ ಮಂದಿರದವರ ಮಗಳು. ಅವಳ ತವರಿನಲ್ಲಿ ಸೈತಾನನ ಹೆಸರೆತ್ತಿದ ಮಗುವಿಗೆ ಆ ಹೊತ್ತಿನ ಊಟ ಇಲ್ಲ. ಅಂಥವಳಿಗೆ ಇಂಥ ಗಂಡ ಸಿಕ್ಕಿದ್ದು ಪುಣ್ಯವೇ ಎಂದು ಊರು ಹೇಳುತ್ತಿತ್ತು. ಅವನು ಹಡಗಿನಲ್ಲಿ ಇಪ್ಪತ್ತು ಆಳುಗಳನ್ನು ಹೇಗೆ ದುಡಿಸುತ್ತಾನೆ, ಯಾವ ಮಾತಿನಲ್ಲಿ ದುಡಿಸುತ್ತಾನೆ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ತೊಂಬತ್ತಮೂರರ ಆಗಸ್ಟಿನಲ್ಲಿ ಐಗಿಲ್ ಕೊನೆಯ ಸಲ ಹಡಗಿನಿಂದ ಇಳಿದು ಬಂದ. "ಇನ್ನು ಹೋಗೋದಿಲ್ಲ ಕಣೇ, ಮುಗೀತು," ಎಂದ. ವಿಬೆಕೆಗೆ ಸಂತೋಷಕ್ಕಿಂತ ಭಯವೇ ಆಯಿತು, ಅಷ್ಟು ಹೊಸ ಸುದ್ದಿ ಅದು. ಫೆಬ್ರವರಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಆರು ತಿಂಗಳು, ಅಷ್ಟೇ ಸಿಕ್ಕಿದ್ದು ಅವಳಿಗೆ.

ಆಚೆ ದಡದ ಆಸ್ಪತ್ರೆಯಿಂದ ಏಪ್ರಿಲ್‌ನಲ್ಲಿ ದೋಣಿ ದಾಟಿಸಿ ಕರೆತಂದಾಗ ಅವನ ಬಲಗೈ ಬಲಗಾಲು ಸೋತಿದ್ದವು. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಆದರೆ ಹುಟ್ಟಿನಿಂದ ಆಡಿದ ಡ್ಯಾನಿಷ್ ಭಾಷೆಯ ಒಂದು ಶಬ್ದವೂ ನಾಲಿಗೆಯ ಮೇಲೆ ಉಳಿದಿರಲಿಲ್ಲ. ಹೌದು ಅನ್ನಬೇಕಾದಲ್ಲಿ ಇಲ್ಲ ಅಂತ ತಲೆಯಾಡಿಸುತ್ತಿದ್ದ, ಇಲ್ಲ ಅನ್ನಬೇಕಾದಲ್ಲಿ ಹೌದು ಅಂತ, ಒಮ್ಮೊಮ್ಮೆ ಸರಿಯಾಗಿಯೂ, ಹಾಗಾಗಿ ಅದನ್ನು ನಂಬುವಂತಿರಲಿಲ್ಲ. ಉಳಿದದ್ದು ಏಳು ಬೈಗುಳ, ಏಳೂ ಇಂಗ್ಲಿಷಿನವು.

"ಇದು ಆಗತ್ತೆ," ಎಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವವಳು. "ಮಾತು ಇರೋ ಕೋಣೆಗೆ ನೀರು ನುಗ್ಗಿದೆ ಅಂತ ಇಟ್ಕೊಳ್ಳಿ. ಬೈಗುಳ ಬೇರೆ ಕೋಣೇಲಿತ್ತು, ಅದು ಒಣಗೇ ಉಳೀತು."

"ಡ್ಯಾನಿಷ್ ಬೈಗುಳ ಇರ್ಲಿಲ್ವಾ?" ಎಂದಳು ವಿಬೆಕೆ.

"ಅವರು ಯಾವ ಭಾಷೇಲಿ ಬೈತಿದ್ರೋ ಅದೇ ತಾನೇ ಇರೋದು?"

ವಿಬೆಕೆಗೆ ಇಂಗ್ಲಿಷ್ ಬಾರದು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಹಿಟ್ಟು ನಾದುವುದಕ್ಕೆ ನಿಂತವಳು. ಗಂಡ ದಿನವಿಡೀ ತನಗೆ ಏನೋ ಹೇಳುತ್ತಿದ್ದಾನೆ, ತಿಳಿದುಕೊಳ್ಳಬೇಕು ಎಂದು ವಾಚನಾಲಯದಿಂದ ಇಂಗ್ಲಿಷ್-ಡ್ಯಾನಿಷ್ ನಿಘಂಟು ತಂದಳು. ಕಿವಿಗೆ ಬಿದ್ದಂತೆ ಬರೆದು ಹುಡುಕಿದಳು. ಬಾಸ್ಟರ್ಡ್. ಬ್ಲಡಿ ಫೂಲ್. ರಾಸ್ಕಲ್. ಈಡಿಯಟ್. ಲೇಜಿ ಡಾಗ್. ಡರ್ಟಿ ಪಿಗ್. ಕೊನೆಯದು ತಾಯಿಯನ್ನು ಎಳೆದು ತರುವಂಥದ್ದು, ಅದರ ಮುಂದೆ ನಿಘಂಟಿನವರೇ ನಾಚಿ ಎರಡು ಸಾಲಿನಲ್ಲಿ ಮುಗಿಸಿದ್ದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಒಂದೊಂದರ ಎದುರಿಗೂ ಶಾಯಿಯಲ್ಲಿ ಡ್ಯಾನಿಷ್ ಅರ್ಥ ಬರೆದಳು. ಹಾದರಕ್ಕೆ ಹುಟ್ಟಿದವ, ಪೆದ್ದ ಮುಂಡೇದು, ಲಫಂಗ, ಮೂಢ, ಸೋಮಾರಿ ನಾಯಿ, ಕೊಳಕು ಹಂದಿ. ಬರೆದು ಮುಗಿಸಿ, ಮೆಟ್ಟಿಲ ಮೇಲೆ ಕೂತು, ಗೊಳೋ ಎಂದು ಅತ್ತಳು. ಮೂವತ್ತಮೂರು ವರ್ಷ ಈ ಮನುಷ್ಯ ತನ್ನ ಬಗ್ಗೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಇದೇ ಏನು, ಲಕ್ವ ಬಂದು ಮುಚ್ಚಳ ತೆಗೆಯಿತೇನು ಎಂದುಕೊಂಡಳು. ಎರಡು ದಿನ ಅವನ ಮುಖ ನೋಡದೆ ಊಟ ತಿನ್ನಿಸಿದಳು. ನಿಘಂಟನ್ನು ಅಷ್ಟು ನಂಬಬಾರದು, ಆದರೆ ಅಚ್ಚಾದದ್ದನ್ನು ನಂಬುವುದು ನಮ್ಮ ಕಡೆಯವರ ರೋಗ.

ಭಾನುವಾರ ಬೆಳಿಗ್ಗೆ ಅವನು ಎಡಗೈಯಲ್ಲಿ ಖಾಲಿ ಕಪ್ಪು ಹಿಡಿದು, ಬಹಳ ಮೆತ್ತಗೆ, "ಬಾಸ್ಟರ್ಡ್," ಎಂದ. ಅವಳು ತಿರುಗಿ ನೋಡಲಿಲ್ಲ. "ಬಾಸ್ಟರ್ಡ್?" ಎಂದ ಮತ್ತೆ, ಕಪ್ಪು ಮುಂದೆ ಚಾಚಿ. ಆ ದನಿ ಅವಳಿಗೆ ಗೊತ್ತಿತ್ತು. ರಜೆಗೆ ಬಂದಾಗಲೆಲ್ಲ, ಪೇಪರಿನಿಂದ ತಲೆ ಎತ್ತದೆ, "ಇನ್ನೊಂದು ಚೂರು ಕಾಫಿ ಇದ್ಯಾ?" ಎಂದು ಕೇಳುತ್ತಿದ್ದ ದನಿ ಅದೇ. ಅವಳು ಕಾಫಿ ಸುರಿದಳು. ಅವನು ಕುಡಿದು, ಅವಳ ಮೊಣಕೈ ತಟ್ಟಿದ.

"ಕಾಫೀನಾ?" ಎಂದಳು ವಿಬೆಕೆ. "ಬಾಸ್ಟರ್ಡ್ ಅಂದ್ರೆ ಕಾಫೀನಾ, ನನ್ನಪ್ಪಾ?"

ಅಂದಿನಿಂದ ಅವಳು ಶಬ್ದ ಬಿಟ್ಟು ದನಿ ಕೇಳಿಸಿಕೊಳ್ಳತೊಡಗಿದಳು. ಮೂರು ವಾರ ಹಿಡಿಯಿತು. ಕ್ಯಾಲೆಂಡರಿನ ಹಾಳೆಯಲ್ಲಿ ನಿಘಂಟಿನ ಅರ್ಥಗಳ ಪಕ್ಕ ಪೆನ್ಸಿಲಿನಲ್ಲಿ ಮನೆಯ ಅರ್ಥಗಳು ಬಂದವು. ಈಡಿಯಟ್ ಅಂದರೆ ರೇಡಿಯೋ ಹಾಕು, ಹವಾಮಾನ ಹೇಳುವ ಹೊತ್ತಾಯಿತು. ಬ್ಲಡಿ ಫೂಲ್ ಅಂದರೆ ಅವನೇ. ಚಮಚ ಕೆಳಗೆ ಬಿದ್ದಾಗಲೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಲೇಜಿ ಡಾಗ್ ಅಂದರೆ ಕಿಟಕಿ ಮುಚ್ಚು, ಗಾಳಿ ಬರುತ್ತಿದೆ. ತಾಯಿಯನ್ನು ಎಳೆದು ತರುವುದು ಶೌಚಕ್ಕೆ, ಅದೂ ತಡೆಯಲಾರದಷ್ಟು ಅರ್ಜೆಂಟಾದಾಗ. ರಾಸ್ಕಲ್ ಮಾತ್ರ ತಡವಾಗಿ ಬಗೆಹರಿಯಿತು. ಅವಳು ಅಂಗಡಿಯಿಂದ ಬಂದು ಬಾಗಿಲು ತೆರೆದ ತಕ್ಷಣ ಹೇಳುತ್ತಿದ್ದ ಮಾತು ಅದು, ಬೇರೆ ಹೊತ್ತಿನಲ್ಲಿ ಬರುತ್ತಿರಲಿಲ್ಲ. ಅದರ ಎದುರು ವಿಬೆಕೆ ತನ್ನ ಹೆಸರು ಬರೆದುಕೊಂಡಳು. ಬರೆಯುವಾಗ ಕಿವಿಯ ತನಕ ಕೆಂಪಾದಳು, ಐವತ್ತೆಂಟು ವಯಸ್ಸಿನಲ್ಲಿ.

ಹೀಗೆ ಮನೆ ಒಂದು ದಾರಿಗೆ ಬಂತು. ಕೆಟ್ಟದ್ದು ಹೊರಗಿನವರ ಜೊತೆ. ವಿಬೆಕೆ ಮಧ್ಯಾಹ್ನದವರೆಗೆ ಅಂಗಡಿಯಲ್ಲಿರಬೇಕು. ಆ ಹೊತ್ತಿಗೆ ಅವನನ್ನು ತೊಳೆದು, ಬಟ್ಟೆ ಹಾಕಿ, ತಿಂಡಿ ಕೊಡಲು ಪುರಸಭೆಯಿಂದ ಸಹಾಯಕಿಯರು ಬರುತ್ತಿದ್ದರು. ಮೊದಲು ಬಂದವಳು ಒಂದು ವಾರ ಇದ್ದಳು, ಎರಡನೆಯವಳು ನಾಲ್ಕು ದಿನ. ಮೂರನೆಯವಳು ಲೋನೆ, ನಲವತ್ತರ ಗಟ್ಟಿ ಹೆಂಗಸು, ಟಿವಿ ನೋಡಿ ಇಂಗ್ಲಿಷ್ ಚೆನ್ನಾಗಿ ಕಲಿತವಳು. ಹಾಗೆ ಕಲಿತದ್ದೇ ತೊಂದರೆಯಾಯಿತು. ಒಂದು ಬುಧವಾರ ಅವನ ಬೆನ್ನು ತೊಳೆಯುತ್ತಿದ್ದಾಗ ಐಗಿಲ್ ಅವಳ ಮುಖಕ್ಕೇ "ಡರ್ಟಿ ಪಿಗ್! ಡರ್ಟಿ ಪಿಗ್!" ಎಂದು ಅರಚಿದ. ಅವಳು ಟವೆಲ್ ಇಟ್ಟು, ಅವನಿಗೆ ಅಂಗಿ ಹಾಕಿ, ಸೀದಾ ಹೋಗಿ ಮೇಲಿನವರಿಗೆ ದೂರು ಕೊಟ್ಟಳು. ಬೈಸಿಕೊಳ್ಳುವ ಮನೆಗೆ ಕೆಲಸಕ್ಕೆ ಹೋಗಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಆ ನಿಯಮ ಸರಿಯಾದದ್ದೇ, ಅದನ್ನು ವಿಬೆಕೆಯೂ ಒಪ್ಪುತ್ತಿದ್ದಳು.

ಶನಿವಾರ ಕಾಗದ ಬಂತು. ಸಹಾಯಕಿಯರು ಬರಲೊಪ್ಪದಿದ್ದರೆ ರೋಗಿಯನ್ನು ಬಂದರಿನ ಆಚೆಯ ಆರೈಕೆ ಮನೆಗೆ ಸೇರಿಸಬೇಕಾಗುತ್ತದೆ, ಅಲ್ಲಿ ಒಂದು ಕೋಣೆ ಖಾಲಿಯಿದೆ. ಗುರುವಾರ ಹತ್ತಕ್ಕೆ ಅಧಿಕಾರಿ ಬಂದು ರೋಗಿಯ ಇಚ್ಛೆ ಕೇಳಿಕೊಂಡು ತೀರ್ಮಾನಿಸುತ್ತಾರೆ. ಬೇಕಾಗುವ ಬಟ್ಟೆಬರೆ ಸಿದ್ಧವಾಗಿಟ್ಟರೆ ಒಳ್ಳೆಯದು. ವಿಬೆಕೆ ಕಾಗದವನ್ನು ನಾಲ್ಕು ಸಲ ಓದಿದಳು. ಮತ್ತೊಮ್ಮೆ ಅವನನ್ನು ಕಳಿಸುವುದೇ? ಈ ಸಲ ಬಂದರಿನ ಆಚೆ ದಡಕ್ಕಷ್ಟೇ, ಆದರೆ ರಜೆ ಇಲ್ಲದ ಪ್ರಯಾಣ.

ಮಂಗಳವಾರ ಲೋನೆ ಮನೆಯ ಕೀಲಿ ಹಿಂದಿರುಗಿಸಲು ಬಂದಳು. ಹೊಸ್ತಿಲ ಆಚೆಯೇ ನಿಂತಳು.

"ಒಂದು ಕಾಫಿ ಕುಡಿದು ಹೋಗು," ಎಂದಳು ವಿಬೆಕೆ.

"ಬೇಡ ವಿಬೆಕೆ. ಬೇಜಾರು ಮಾಡ್ಕೋಬೇಡ. ಹದಿನಾಲ್ಕು ವರ್ಷ ಗಂಡ ಅನ್ನೋನು ನಂಗೆ ಡ್ಯಾನಿಷಲ್ಲಿ ಬೈದ. ಸಾಕಾಗಿ ಬಿಟ್ಟು ಬಂದೆ. ಈಗ ಇಂಗ್ಲಿಷಲ್ಲಿ ಬೈಸ್ಕೊಳ್ಳೋಕೆ ಬೆಳಗಾಗೆದ್ದು ಬರ್ಲಾ?"

ವಿಬೆಕೆ ವಾದ ಮಾಡಲಿಲ್ಲ. ನಾಚಿಕೆಯಿಂದ ಯಾರಿಗೂ ತೋರಿಸದೆ ಅಡುಗೆಮನೆ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದ ಕ್ಯಾಲೆಂಡರ್ ಹಾಳೆ ಕಿತ್ತು ತಂದು ಅವಳ ಕೈಗೆ ಕೊಟ್ಟಳು. ಲೋನೆ ಮೇಲಿನಿಂದ ಓದುತ್ತ ಬಂದಳು. ಕಾಫಿಯ ಹತ್ತಿರ ಅವಳ ತುಟಿ ಕೊಂಕಿತು. ಡರ್ಟಿ ಪಿಗ್ ಹತ್ತಿರ ಬಂದು ನಿಂತಳು. ಶಾಯಿಯಲ್ಲಿ, ಕೊಳಕು ಹಂದಿ. ಪೆನ್ಸಿಲಿನಲ್ಲಿ, ನೀರು ತಣ್ಣಗಿದೆ.

"ಬುಧವಾರ ನೀರು ತಣ್ಣಗಿತ್ತಾ?" ಎಂದು ಕೇಳಿದಳು ವಿಬೆಕೆ. "ನಾನಿರ್ಲಿಲ್ಲ, ನೀನೇ ಹೇಳಬೇಕು."

ಲೋನೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ, "ಬಾಯ್ಲರ್ ಆರಿ ಹೋಗಿತ್ತು," ಎಂದಳು. "ಬೇಗ ಮುಗಿಸೋಣ ಅಂತ ಹಾಗೇ... ಅಯ್ಯೋ ದೇವ್ರೇ. ಪಾಪ, ಆ ತಣ್ಣೀರು ಅವನ ಬೆನ್ನಿಗೆ ಸುರಿದೆ ನಾನು."

"ನಿಂಗೆ ಹೇಗೆ ಗೊತ್ತಾಗ್ಬೇಕು?"

"ಬೈದದ್ದು ಅಂತ ಮಾತ್ರ ಗೊತ್ತಾಯ್ತು." ಅವಳು ಮೂಗು ಒರೆಸಿಕೊಂಡಳು. "ಇನ್ನೊಬ್ರು ಬೈದ್ರೆ ನಂಗೆ ಕಿವಿ ಮುಚ್ಚಿಹೋಗತ್ತೆ, ವಿಬೆಕೆ." ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, "ಗುರುವಾರ ನಾನೂ ಬರ್ತೀನಿ," ಎಂದು ಹೋದಳು.

ಗುರುವಾರ ಹತ್ತಕ್ಕೆ ಅಧಿಕಾರಿ ಪ್ರೆಬೆನ್ ಬಂದ. ನೀಟಾಗಿ ತಲೆ ಬಾಚಿದ, ಕಾಲೊರೆಸಿಯೇ ಒಳಗೆ ಬರುವ, ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಜಗಳವಾಡುವುದು ಇನ್ನೂ ಕಷ್ಟ. ಬಾಗಿಲ ಬಳಿ ಐಗಿಲನ ಬಟ್ಟೆಯ ಚೀಲ ಇತ್ತು. ಕಾಗದದಲ್ಲಿ ಹೇಳಿದ್ದರಿಂದ ವಿಬೆಕೆ ಬೆಳಿಗ್ಗೆ ಹಲ್ಲುಕಚ್ಚಿ ತುಂಬಿಟ್ಟಿದ್ದಳು.

ಲೋನೆ ತಾನು ಕೊಟ್ಟ ದೂರು ವಾಪಸು ತೆಗೆದುಕೊಳ್ಳುವುದಾಗಿ ಹೇಳಿ ಹಾಳೆಯನ್ನು ತೋರಿಸಿದಳು. ಪ್ರೆಬೆನ್ ಅದನ್ನು ಗಂಭೀರವಾಗಿ ಓದಿದ. ನಗಲಿಲ್ಲ, ಅದಕ್ಕೆ ಮೆಚ್ಚಬೇಕು.

"ಸಂತೋಷ. ಆದ್ರೆ ಅವರ ಇಚ್ಛೆ ಏನು ಅಂತ ನಾನು ಬರ್ಕೋಬೇಕು."

"ಅವನಿಗೆ ಇಲ್ಲೇ..." ಎಂದಳು ವಿಬೆಕೆ.

"ನೀವಲ್ಲ, ಕ್ಷಮಿಸಿ. ಅವರು ಹೇಳ್ಬೇಕು." ಅವನು ಕುರ್ಚಿಯನ್ನು ಐಗಿಲನ ಮುಂದೆ ಎಳೆದುಕೊಂಡ. "ಐಗಿಲ್, ನೀವು ಮನೇಲೇ ಇರ್ತೀರಾ, ಆರೈಕೆ ಮನೆಗೆ ಹೋಗ್ತೀರಾ?"

ಐಗಿಲ್ ಬೆವರಿದ. ಬಾಯಿ ತೆರೆದ, ಮುಚ್ಚಿದ. ಹೆಂಡತಿಯ ಕಡೆ ನೋಡಿ, "ರಾಸ್ಕಲ್," ಎಂದ.

"ರಾಸ್ಕಲ್ ಅಂದ್ರೆ ವಿಬೆಕೆ," ಎಂದಳು ಲೋನೆ ಹಾಳೆ ನೋಡಿ.

"ವಿಬೆಕೆ ಬೇಕು ಅಂತಲೋ, ಬೇಡ ಅಂತಲೋ? ಸುಮ್ನೆ ಕರೆದದ್ದೋ?" ಪ್ರೆಬೆನ್ ಹಣೆ ಉಜ್ಜಿಕೊಂಡ. "ಮತ್ತೆ ಇನ್ನೊಂದು ಮಾತು. ಈ ಪಟ್ಟಿ ಬರೆದವರು ನೀವೇ ಅಲ್ವಾ, ವಿಬೆಕೆ? ಅವರ ಮಾತಿಗೆ ನೀವೇ ಅರ್ಥ ಹಚ್ಚಿದ್ರೆ, ನಾನು ಅದನ್ನ ಅವರ ಇಚ್ಛೆ ಅಂತ ಹೇಗೆ ಬರೀಲಿ?"

ವಿಬೆಕೆ ಲೋನೆಯ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದಳು. ತನಗೆ ಬೇಕಾದ್ದನ್ನೇ ಬರೆದುಕೊಂಡೆನೇ? ರಾಸ್ಕಲ್ ಅಂದರೆ ನಿಜಕ್ಕೂ ಬರೀ ಲಫಂಗಿಯೇ? ಪ್ರೆಬೆನ್ ಫೈಲು ಮಡಚಿದ. ಐಗಿಲ್ ಅದನ್ನೇ ನೋಡುತ್ತ ಕೂತಿದ್ದ. ಸುಮ್ಮನೆ ಕೂತಿದ್ದ ಗಂಡನನ್ನು ಕಂಡು ವಿಬೆಕೆಗೆ ಎಲ್ಲಿತ್ತೋ ಆ ಸಿಟ್ಟು, ನೆತ್ತಿಗೇರಿತು.

"ಯೂ ಬ್ಲಡಿ ಫೂಲ್!" ಎಂದು ಕೂಗಿದಳು.

ಪ್ರಾರ್ಥನಾ ಮಂದಿರದವರ ಮಗಳು ಹುಟ್ಟಿದ ಮೇಲೆ ಬೈದ ಮೊದಲ ಬೈಗುಳ. ಲೋನೆಯ ಕೈಯಿಂದ ಹಾಳೆ ಬಿತ್ತು.

"ಬಾಯಿ ಬಿಡೋ! ಮೂವತ್ತಮೂರು ವರ್ಷ ಆ ಬಂದರಿನ ಕಟ್ಟೆ ಮೇಲೆ ನಿಂತು ಕೈ ಬೀಸಿದೀನಿ! ಪ್ರತೀ ಸಲ ಹೋದೆ! ನನ್ನಮ್ಮ ಸತ್ತಾಗ ಎಲ್ಲಿದ್ದೆ? ಹಡಗಲ್ಲಿ! ನಂಗೆ ಆಪರೇಷನ್ ಆದಾಗ? ಹಡಗಲ್ಲಿ! ಈಗ್ಲೂ ಹೋಗ್ತೀಯಾ? ಹೋಗು ಹಾಗಾದ್ರೆ, ಲೇಜಿ ಡಾಗ್, ಈಡಿಯಟ್, ಹೋಗು!" ಎಂದವಳೇ ಬಾಗಿಲ ಬಳಿಯ ಚೀಲವನ್ನು ಎತ್ತಿ ತಂದು ಅವನ ಕಾಲ ಬಳಿ ಧೊಪ್ಪೆಂದು ಕುಕ್ಕಿದಳು.

ಐಗಿಲ್ ಕಣ್ಣರಳಿಸಿ ಅವಳನ್ನು ನೋಡಿದ. ಆಮೇಲೆ ಚೀಲವನ್ನು ನೋಡಿದ. ಮುಖಕ್ಕೆ ರಕ್ತ ಏರಿತು. ಕುರ್ಚಿಯ ತೋಳನ್ನು ಎಡಗೈಯಲ್ಲಿ ಬಿಗಿಹಿಡಿದು, ನೆಟ್ಟಗಿದ್ದ ಎಡಗಾಲು ಎತ್ತಿ, ಒಂದೇ ಒದೆತಕ್ಕೆ ಚೀಲವನ್ನು ಕೋಣೆಯ ಆ ತುದಿಗೆ ಕಳಿಸಿದ. ಅಂಗಿ, ಉಣ್ಣೆಯ ಕಾಲುಚೀಲ, ಗಡ್ಡದ ಬ್ರಶ್ಶು ಎಲ್ಲ ನೆಲದ ಮೇಲೆ ಚೆಲ್ಲಾಡಿದವು. ಜೊತೆಗೆ ಒಂದು ಬೈಗುಳ ಹೊರಬಿತ್ತು. ಎಂಟನೆಯದು, ಯಾರೂ ಕೇಳಿರದಿದ್ದದ್ದು, ಇಡೀ ಹಡಗಿಗೆ ಕೇಳುವಂಥದ್ದು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲೋನೆ ಬಿದ್ದ ಹಾಳೆ ಎತ್ತಿಕೊಂಡು ಮೇಲಿನಿಂದ ಕೆಳಗೆ ಹುಡುಕಿದಳು.

"ಅದು ಪಟ್ಟೀಲಿಲ್ಲ," ಎಂದಳು ಲೋನೆ ಕೊನೆಗೆ.

"ಬೇಕಾಗಿಲ್ಲ," ಎಂದ ಪ್ರೆಬೆನ್. ಫೈಲು ತೆರೆದು, ಪೆನ್ನು ತೆಗೆದು, ಬರೆಯುತ್ತ ಗಟ್ಟಿಯಾಗಿ ಓದಿದ. "ರೋಗಿಯು ಮನೆಯಲ್ಲೇ ಇರಬಯಸುತ್ತಾರೆ. ಸ್ಪಷ್ಟವಾಗಿ ತಿಳಿಸಿದ್ದಾರೆ." ಸಹಾಯಕಿಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ಲೋನೆಯ ಮುಖ ನೋಡಿದ. ಅವಳು ಆಗಲೇ ತನ್ನ ಹೆಸರಿನ ಅಕ್ಷರ ಹೇಳಲು ಶುರುಮಾಡಿದ್ದಳು.

ಅವರಿಬ್ಬರೂ ಹೋಗುವಾಗ ಬೀಳ್ಕೊಡಲು ಯಾರೂ ಬಾಗಿಲಿಗೆ ಬರಲಿಲ್ಲ. ಒಳಗೆ ವಿಬೆಕೆ ಸೊಂಟಕ್ಕೆ ಕೈಯಿಟ್ಟು, ಚೆಲ್ಲಿದ ಬಟ್ಟೆ ಯಾರು ಎತ್ತೋದು ಎಂದು ಕೇಳುತ್ತಿದ್ದಳು, ಐಗಿಲ್ ಕುರ್ಚಿಯ ತೋಳು ಕುಟ್ಟಿ ಏನೇನೋ ಅನ್ನುತ್ತಿದ್ದ, ಅವಳು ಡ್ಯಾನಿಷಿನಲ್ಲಿ, ಅವನು ಇಂಗ್ಲಿಷಿನಲ್ಲಿ. ಅಷ್ಟು ವರ್ಷದ ಸಂಸಾರದಲ್ಲಿ ಅದು ಅವರ ಮೊದಲ ಜಗಳ. ನಾಡಿದ್ದು ಹಡಗು ಹತ್ತುವ ಗಂಡನ ಜೊತೆ ಯಾವ ಹೆಂಗಸು ಜಗಳವಾಡುತ್ತಾಳೆ? ಈಗ ಅವನು ಎಲ್ಲಿಗೂ ಹೋಗುವುದಿರಲಿಲ್ಲ. ಊಟದ ಹೊತ್ತು ಮೀರುವ ತನಕ ಇಬ್ಬರೂ ಬಿಡದೆ ಕಿತ್ತಾಡಿದರು.